ನನ್ನ ಕಡೆಗೆ ತಿರುಗಿದ ಮುಳ್ಳು

ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಎಂಬುದು ಹೆಸರಿನಷ್ಟು ದೊಡ್ಡ ಯಂತ್ರವೇನಲ್ಲ. ಜರಡಿಯ ಅಂಚಿನಂಥ ಒಂದು ಚೌಕಟ್ಟು ನೆಟ್ಟಗೆ ನಿಂತಿರುತ್ತದೆ, ಅದರ ಸುತ್ತ ತಾಮ್ರದ ತಂತಿ ಸುತ್ತಿರುತ್ತಾರೆ, ನಟ್ಟನಡುವೆ ಗಾಜಿನ ಮುಚ್ಚಳದ ಒಂದು ದಿಕ್ಸೂಚಿ ಪೆಟ್ಟಿಗೆ. ತಂತಿಯಲ್ಲಿ ವಿದ್ಯುತ್ ಹರಿಸಿದರೆ ಪೆಟ್ಟಿಗೆಯ ಮುಳ್ಳು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ಓದಿಕೊಂಡು ಲೆಕ್ಕ ಹಾಕಿದರೆ, ನಾವು ನಿಂತ ಜಾಗದಲ್ಲಿ ಭೂಮಿಯ ಅಯಸ್ಕಾಂತದ ಬಲ ಎಷ್ಟೆಂದು ಸಿಗುತ್ತದೆ. ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಮೊದಲ ವರ್ಷ ಓದುವಾಗ ಈ ಪುಟ್ಟ ಪೆಟ್ಟಿಗೆ ನನ್ನನ್ನು ಅಳಿಸಿದಷ್ಟು ನನ್ನ ಅತ್ತೆಯೂ ಅಳಿಸಲಿಲ್ಲ. ಅತ್ತೆ ಅಳಿಸಿದ್ದೇ ಇಲ್ಲ ಎನ್ನುವುದು ಬೇರೆ ಮಾತು.

ಎಂಬತ್ತರ ದಶಕದ ಕೊನೆಯ ಭಾಗ. ದಾವಣಗೆರೆಯಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ, ಒಂದಷ್ಟು ಕಾಲ ಮನೆಯಲ್ಲೇ ಇದ್ದು, ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಮತ್ತೆ ಕಾಲೇಜು ಸೇರಿದ್ದೆ. ಗಂಡ ಬ್ಯಾಂಕಿನಲ್ಲಿ ಗುಮಾಸ್ತರು. ಅವರ ತಂದೆಯೂ ಬ್ಯಾಂಕಿನವರೇ. ಬಳ್ಳಾರಿಯಿಂದ ವರ್ಗವಾಗಿ ವಿಜಯವಾಡಕ್ಕೆ ಬಂದು, ತೆಲುಗು ಮನೆಯ ಹೆಣ್ಣನ್ನು ಮದುವೆಯಾಗಿ, ಪಟಮಟದಲ್ಲಿ ಮನೆ ಕಟ್ಟಿ ಅಲ್ಲಿಯವರೇ ಆಗಿಹೋಗಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ಇರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದುದು ಅತ್ತೆಯ ಮಾತು. ಕಾಲೇಜಿನ ವಿಷಯ ಎತ್ತಿದಾಗ ಅವರು ಸಿಡುಕಲಿಲ್ಲ, ಷರತ್ತು ಹಾಕಿದರು.

"ಈ ಒಂದ್ ವರ್ಷ ಓದ್ಕೋಮ್ಮಾ, ನಾನು ಬೇಡ ಅನ್ನಲ್ಲ. ಪಾಸಾದ್ರೆ ಆಮೇಲೆ ನೋಡೋಣ. ತಪ್ಪಿದ್ರೆ ಮಾತ್ರ ಮತ್ತೆ ಚದುವು ಗಿದುವು ಅನ್ನಬಾರದು."

ಚದುವು ಎಂದರೆ ಓದು. ಅತ್ತೆಯ ಕನ್ನಡದಲ್ಲಿ ಮುಖ್ಯವಾದ ಮಾತುಗಳೆಲ್ಲ ತೆಲುಗಿನಲ್ಲೇ ಇರುತ್ತಿದ್ದವು. ನಾನು ಒಪ್ಪಿದೆ. ವರ್ಷದ ಕೊನೆಗೆ ಗಂಡನಿಗೆ ವಿಜಯವಾಡಕ್ಕೆ ವರ್ಗವಾಗುವುದು ಆಗಲೇ ಗೊತ್ತಿತ್ತು. ಅಲ್ಲಿನ ಕಾಲೇಜಿನವರನ್ನು ವಿಚಾರಿಸಿದಾಗ, ಮೊದಲ ವರ್ಷ ಪೂರ್ತಿ ಪಾಸಾಗಿದ್ದರೆ ಮಾತ್ರ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ, ಒಂದು ಪ್ರಾಕ್ಟಿಕಲ್ ಉಳಿದಿದ್ದರೂ ಆಗುವುದಿಲ್ಲ ಎಂದಿದ್ದರು. ಅಲ್ಲಿಗೆ ಅತ್ತೆಯ ಷರತ್ತೂ ಕಾಲೇಜಿನ ಷರತ್ತೂ ಒಂದೇ ಆದವು. ಥಿಯರಿ ಪರೀಕ್ಷೆಯ ಭಯ ನನಗಿರಲಿಲ್ಲ. ಪಾಠ ಇಂಗ್ಲಿಷಿನಲ್ಲಿ, ವಿವರಣೆ ತೆಲುಗಿನಲ್ಲಿ ನಡೆದರೂ ಮನೆಗೆ ಬಂದು ಕನ್ನಡದಲ್ಲಿ ಯೋಚಿಸಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಕಾಲು ಹಿಡಿದೆಳೆದದ್ದು ಪ್ರಾಕ್ಟಿಕಲ್.

ನಮ್ಮ ಲ್ಯಾಬು ಸಮುದ್ರಕ್ಕೆ ಎದುರಾದ ದಿಬ್ಬದ ಮೇಲಿತ್ತು. ಕಿಟಕಿ ತೆರೆದರೆ ಉಪ್ಪುಗಾಳಿ ನೇರ ಒಳಕ್ಕೆ ಬರುತ್ತಿತ್ತು. ಆ ಗಾಳಿಗೆ ತಂತಿಯ ತುದಿಗಳು ಹಸಿರುಗಟ್ಟುತ್ತಿದ್ದುದರಿಂದ ಸ್ಯಾಂಡ್‌ಪೇಪರಿನಲ್ಲಿ ಅವನ್ನು ಉಜ್ಜಿ ಹೊಳೆಯುವಂತೆ ಮಾಡುವುದೇ ಪ್ರತಿ ಪ್ರಯೋಗದ ಮೊದಲ ಕೆಲಸ. ನನ್ನ ಜೋಡಿ ಭೀಮುನಿಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಲಂಗ-ದಾವಣಿ, ಮೊಣಕಾಲು ಮುಟ್ಟುವ ಜಡೆ, ಬಾಯಿ ತುಂಬ ಮಾತು. ತರಗತಿಯಲ್ಲಿ ಮದುವೆಯಾಗಿದ್ದವಳು ನಾನೊಬ್ಬಳೇ, ಹಾಗಾಗಿ ಎಲ್ಲರಿಗೂ ಅಕ್ಕ. ಅಕ್ಕ ಎಂದ ಮೇಲೆ ಅಕ್ಕನ ಕೆಲಸಗಳೂ ಬಂದವು. ಯಾರದಾದರೂ ದಾವಣಿ ಜಾರಿದರೆ, ಚಪ್ಪಲಿಯ ಉಂಗುಷ್ಠ ಕಿತ್ತರೆ, "ಅಕ್ಕಾ, ಪಿನ್ನೀಸು ಉಂದಾ?" ಎಂದು ನನ್ನ ಹತ್ತಿರ ಬರುತ್ತಿದ್ದರು. ಇದ್ದೇ ಇರುತ್ತಿತ್ತು. ನಮ್ಮ ಕಡೆಯ ಹೆಂಗಸರ ಹಾಗೆ ನಾನೂ ತಾಳಿಯ ಸರಕ್ಕೆ ಒಂದು ಗೊಂಚಲು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದೆ. ಭಾಷೆ ಬಾರದ ಊರಿನಲ್ಲಿ ನನ್ನನ್ನು ಎಲ್ಲರಿಗೂ ಬೇಕಾದವಳನ್ನಾಗಿ ಮಾಡಿದ್ದು ಆ ಪಿನ್ನುಗಳೇ. ಖರ್ಚಾದಂತೆಲ್ಲ ಹೊಸದನ್ನು ತಂದು ಸೇರಿಸುತ್ತಿದ್ದೆ.

ಪ್ರಯೋಗದ ಕ್ರಮ ಹೀಗೆ. ಮೊದಲು ಚೌಕಟ್ಟನ್ನು ತಿರುಗಿಸಿ ತಂತಿಯ ಸುತ್ತು ಉತ್ತರ-ದಕ್ಷಿಣಕ್ಕೆ ನೇರವಾಗುವಂತೆ, ಮುಳ್ಳಿನ ಎರಡೂ ತುದಿಗಳು ಸೊನ್ನೆಯ ಮೇಲೆ ನಿಲ್ಲುವಂತೆ ಮಾಡಬೇಕು. ಆಮೇಲೆ ವಿದ್ಯುತ್ ಹರಿಸಿ ಮುಳ್ಳಿನ ಎರಡೂ ತುದಿಗಳನ್ನು ಓದಬೇಕು. ನಂತರ ವಿದ್ಯುತ್ತಿನ ದಿಕ್ಕನ್ನು ತಿರುಗಿಸಿ, ಮುಳ್ಳು ಇನ್ನೊಂದು ಕಡೆಗೆ ಸರಿದ ಮೇಲೆ ಮತ್ತೆ ಎರಡು ತುದಿ ಓದಬೇಕು. ಪೆಟ್ಟಿಗೆಯ ತಳದಲ್ಲಿ ಕನ್ನಡಿ ಇರುತ್ತದೆ. ಒಂದು ಕಣ್ಣು ಮುಚ್ಚಿ, ಮೇಲಿನಿಂದ ನೇರ ಬಗ್ಗಿ, ಮುಳ್ಳು ತನ್ನ ಪ್ರತಿಬಿಂಬವನ್ನು ಪೂರ್ತಿ ಮುಚ್ಚುವ ಹಾಗೆ ನೋಡಿದರೆ ಆ ಓದು ಸರಿ. ಎಲ್ಲವೂ ನೆಟ್ಟಗಿದ್ದರೆ ನಾಲ್ಕು ಓದುಗಳೂ ಹೆಚ್ಚುಕಡಿಮೆ ಒಂದೇ ಆಗಬೇಕು.

ನನ್ನವು ಆಗುತ್ತಿರಲಿಲ್ಲ. ಒಂದು ದಿಕ್ಕಿಗೆ ನಲವತ್ತೆಂಟು ಡಿಗ್ರಿ ಬಂದರೆ ಇನ್ನೊಂದು ದಿಕ್ಕಿಗೆ ನಲವತ್ತೊಂದು. ಮತ್ತೆ ಹೊಂದಿಸಿ ಓದಿದರೆ ಇನ್ನೇನೋ. ನಮ್ಮ ಉಪನ್ಯಾಸಕರು ಒಳ್ಳೆಯವರು, ದನಿ ಎತ್ತರಿಸಿ ಮಾತಾಡಿದವರೇ ಅಲ್ಲ. ನನ್ನ ಓದುಗಳ ಮೇಲೆ ಕೆಂಪು ಗೀಟು ಎಳೆದು, ಕಾಯಿಲ್ ಸರಿಯಾಗಿ ಉತ್ತರ-ದಕ್ಷಿಣಕ್ಕೆ ಕೂತಿಲ್ಲಮ್ಮಾ, ಮತ್ತೆ ಹೊಂದಿಸಿ ಎಂದು ಹೇಳಿ ಮುಂದಿನ ಮೇಜಿಗೆ ಹೋಗುತ್ತಿದ್ದರು. ಆ ಎರಡು ದಿಕ್ಕಿನ ವ್ಯತ್ಯಾಸಕ್ಕೆ ಪುಸ್ತಕದಲ್ಲಿದ್ದ ಕಾರಣವೂ ಅದೇ. ನಾನು ಹೊಂದಿಸುತ್ತಿದ್ದೆ. ಬಗ್ಗಿ ನೋಡಿದಾಗ ಮುಳ್ಳು ಸೊನ್ನೆಯ ಮೇಲೆ ಮುದ್ದಾಗಿ ಕೂತಿರುತ್ತಿತ್ತು. ಅವರು ಬಂದು ನೋಡಿದರೆ ಸೊನ್ನೆ ಬಿಟ್ಟು ಹೋಗಿರುತ್ತಿತ್ತು. ಮೇಜು ಅಲುಗಿಸಿದಿರಾ ಎಂದು ಕೇಳುತ್ತಿದ್ದರು. ಅಲುಗಿಸಿಲ್ಲ ಎಂದರೆ ನಂಬಿದಂತೆ ತಲೆಯಾಡಿಸುತ್ತಿದ್ದರು, ನಂಬಿರಲಿಲ್ಲ.

ನನ್ನ ಜೋಡಿ ತಾನೇ ಹೊಂದಿಸಿ ಓದಿದರೆ ಮಾತ್ರ ನಾಲ್ಕೂ ಸರಿ ಬರುತ್ತಿದ್ದವು. ಇದು ನನಗೆ ಹೆಚ್ಚು ನೋವು ಕೊಡುತ್ತಿತ್ತು. ಅವಳು ಮಾತಾಡುತ್ತಲೇ, ಮನೆಯ ಮೀನಿನ ಸಾರಿನ ಸುದ್ದಿ ಹೇಳುತ್ತಲೇ ಓದಿಬಿಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಓದಿದರೂ ತಪ್ಪು. ಪರೀಕ್ಷೆಯಲ್ಲಿ ಜೋಡಿ ಇರುವುದಿಲ್ಲ, ಅವರವರ ಪ್ರಯೋಗ ಅವರವರೇ ಮಾಡಬೇಕು. ಒಂದು ಸಂಜೆ ಗಂಡನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅವರು ಯೋಚನೆ ಮಾಡಿ, ಕಣ್ಣು ತೋರಿಸೋಣ ಎಂದರು. ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಗೋಡೆಯ ಮೇಲಿನ ಕೊನೆಯ ಸಾಲಿನವರೆಗೂ ಓದಿದೆ. ಕಣ್ಣಿಗೇನೂ ಆಗಿಲ್ಲ, ಹಾಯಾಗಿರಿ ಎಂದು ಡಾಕ್ಟರು ಕಳಿಸಿದರು. ಬೇರೆಯವರಿಗಾಗಿದ್ದರೆ ಅದು ಸಂತೋಷದ ಸುದ್ದಿ. ನನಗೆ ಮಾತ್ರ ಹಿಡಿಯಲು ಇದ್ದ ಒಂದು ಹಗ್ಗವೂ ಕೈಬಿಟ್ಟಂತಾಯಿತು.

ತರಗತಿಯ ಉಳಿದವರಿಗೆ ಈ ಯಾವ ಕಷ್ಟವೂ ಇರಲಿಲ್ಲ. ಅವರು ಉತ್ತರದಿಂದ ಹಿಂದಕ್ಕೆ ಹೊರಡುತ್ತಿದ್ದರು. ಪುಸ್ತಕದಲ್ಲಿ ಭೂಮಿಯ ಬಲ 0.38 ಎಂದಿದೆ, ಆ ಉತ್ತರ ಬರಬೇಕಾದರೆ ಮುಳ್ಳು ಎಷ್ಟು ಸರಿದಿರಬೇಕು ಎಂದು ಲೆಕ್ಕ ಹಾಕಿ, ಅದನ್ನೇ ಅಲ್ಲಲ್ಲಿ ಅರ್ಧ ಡಿಗ್ರಿ ಹೆಚ್ಚುಕಡಿಮೆ ಮಾಡಿ ಬರೆದುಬಿಡುವುದು. ಇದಕ್ಕೆ ಅಡುಗೆ ಎಂದೇ ಹೆಸರು. ನನ್ನ ಜೋಡಿಯೂ, ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡುತ್ತೀರಿ, ಇಲ್ಲಿ ಯಾಕೆ ಹಟ ಎಂದು ತಮಾಷೆ ಮಾಡುತ್ತಿದ್ದಳು. ಹಟವೇ ಇರಬೇಕು. ತೆಲುಗು ಬಾರದಿದ್ದುದಕ್ಕೆ, ಎಲ್ಲರಿಗಿಂತ ವಯಸ್ಸಾಗಿದ್ದುದಕ್ಕೆ, ಅರ್ಥವಾಗದ ಜೋಕಿಗೆ ತಡವಾಗಿ ನಗುತ್ತಿದ್ದುದಕ್ಕೆ ನನಗೆ ಮೊದಲೇ ಅಲ್ಲಿ ಕುಳಿತಿರುವ ಹಕ್ಕು ಇದೆಯೋ ಇಲ್ಲವೋ ಎಂಬ ಅಳುಕಿತ್ತು. ಸುಳ್ಳು ಓದು ಬರೆದು ಪಾಸಾದರೆ ಆ ಅಳುಕು ನಿಜವಾಗಿಬಿಡುತ್ತದೆ ಎನ್ನಿಸುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಒಂದು ನಿರ್ಧಾರ ಮಾಡಿದೆ. ಮತ್ತೆ ಮತ್ತೆ ಅದೇ ಪ್ರಯೋಗ ಮಾಡುವುದನ್ನು ನಿಲ್ಲಿಸಿ, ತಪ್ಪನ್ನೇ ಹುಡುಕುವ ಪ್ರಯೋಗ ಮಾಡುವುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು ಎಂದು ಉಪನ್ಯಾಸಕರೇ ಪಾಠದಲ್ಲಿ ಹೇಳಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬು ಬಳಸಲು ಅವರ ಒಪ್ಪಿಗೆ ಪಡೆದೆ. ಮೊದಲು ಮೇಜು ಬದಲಾಯಿಸಿದೆ; ಮೇಜಿನ ಮೊಳೆಗಳ ಮೇಲೆ ನನಗೆ ಅನುಮಾನವಿತ್ತು. ಏನೂ ವ್ಯತ್ಯಾಸವಾಗಲಿಲ್ಲ. ಕಿಟಕಿಯ ಕಬ್ಬಿಣದ ಸರಳಿನಿಂದ ದೂರ ಹೋಗಿ ಮಾಡಿದೆ. ಪೆಟ್ಟಿಗೆ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ, ತಂತಿಗಳನ್ನು ಬದಲಾಯಿಸಿದೆ. ತಪ್ಪು ನನ್ನ ಹಿಂದೆಯೇ ಮೇಜಿಂದ ಮೇಜಿಗೆ ಬಂತು. ಎಲ್ಲವನ್ನೂ ಬದಲಾಯಿಸಿ ಮುಗಿದಾಗ ಬದಲಾಗದೆ ಉಳಿದದ್ದು ನಾನು.

ಹಾಗೆ ಅನ್ನಿಸಿದ ಕೂಡಲೇ ನನ್ನ ಜೋಡಿಗೆ ಮುಳ್ಳನ್ನು ಸೊನ್ನೆಗೆ ಹೊಂದಿಸಲು ಹೇಳಿ, ಅವಳನ್ನು ಮೇಜಿನ ಆ ಬದಿಗೆ ನಿಲ್ಲಿಸಿದೆ. ವಿದ್ಯುತ್ ಬೇಡ, ಏನನ್ನೂ ಮುಟ್ಟಬೇಡ, ಸುಮ್ಮನೆ ಮುಳ್ಳನ್ನು ನೋಡುತ್ತಿರು ಎಂದು ಹೇಳಿ ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಮುಳ್ಳು ಸೊನ್ನೆಯಲ್ಲಿದೆ ಎಂದಳು. ಮೆಲ್ಲಗೆ ನಡೆದು ಬಂದೆ. ಸೊನ್ನೆಯಲ್ಲೇ ಇದೆ ಎಂದಳು. ಮೇಜಿನ ಹತ್ತಿರ ನಿಂತು, ದಿನವೂ ಬಗ್ಗುವ ಹಾಗೆ ಬಗ್ಗಿದೆ.

"ಅಕ್ಕಾ," ಎಂದಳು ಅವಳು, ಮೊದಲ ಸಲ ಮೆಲುದನಿಯಲ್ಲಿ, "ಮುಳ್ಳು ಮಿಮ್ಮಲ್ನೇ ಚೂಸ್ತೋಂದಿ."

ಮುಳ್ಳು ನಿಮ್ಮನ್ನೇ ನೋಡುತ್ತಿದೆ ಎಂದು ಅದರ ಅರ್ಥ. ನಾನು ಹಿಂದಕ್ಕೆ ಸರಿದರೆ ಸೊನ್ನೆಗೆ ಹೋಗುತ್ತಿತ್ತಂತೆ, ಬಗ್ಗಿದರೆ ನನ್ನ ಕಡೆಗೆ ತಿರುಗುತ್ತಿತ್ತಂತೆ. ನನಗೆ ಅದು ಇಷ್ಟು ದಿನ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ನನ್ನ ಕಣ್ಣು ಅಲ್ಲಿಗೆ ಹೋಗುವ ಮೊದಲೇ ಅದು ತಿರುಗಿಬಿಟ್ಟಿರುತ್ತಿತ್ತು. ಅದು ತಾನೇ ತಾನಾಗಿ ನಿಂತಿರುವುದನ್ನು ನೋಡುವ ಭಾಗ್ಯ ನನಗೊಬ್ಬಳಿಗೆ ಇರಲಿಲ್ಲ.

ಆಮೇಲೆ ಒಂದೊಂದಾಗಿ ತೆಗೆದಿಟ್ಟೆ. ಗಾಜಿನ ಬಳೆಗಳನ್ನು ತೆಗೆದರೆ ಏನೂ ಆಗಲಿಲ್ಲ. ತಲೆಯ ಕ್ಲಿಪ್ಪು ತೆಗೆದೆ, ಮುಳ್ಳು ಸ್ವಲ್ಪವೇ ಸ್ವಲ್ಪ ಕದಲಿತು. ಕೊನೆಗೆ ಸೆರಗಿನೊಳಗಿನಿಂದ ತಾಳಿಯ ಸರವನ್ನು ಈಚೆಗೆ ಎಳೆದು, ಪಿನ್ನಿನ ಗೊಂಚಲನ್ನು ಪೆಟ್ಟಿಗೆಯ ಕಡೆಗೆ ತಂದೆ. ಮುಳ್ಳು ಗಿರ್ರನೆ ತಿರುಗಿತು. ಹಿಂದಿನ ವಾರಗಳಲ್ಲಿ ಅಯಸ್ಕಾಂತದ ಪಟ್ಟಿಗಳಿಟ್ಟುಕೊಂಡು ಬೇರೆ ಪ್ರಯೋಗಗಳನ್ನು ಮಾಡಿದ್ದೆವು. ಆಗ ಪಿನ್ನುಗಳು ಅವಕ್ಕೆ ತಾಗಿ ತಾಗಿ ತಾವೂ ಅಯಸ್ಕಾಂತಗಳೇ ಆಗಿಬಿಟ್ಟಿದ್ದವು. ಒಂದು ಪಿನ್ನನ್ನು ಬಿಡಿಸಿ ಹಿಡಿದರೆ ಇನ್ನೊಂದು ಅದಕ್ಕೆ ಜೋತುಕೊಂಡು ಬರುತ್ತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು, ಅದು ಸಮಾಧಾನದ ಅಳು.

ಉಪನ್ಯಾಸಕರಿಗೆ ಹೇಳುವುದು ಹೇಗೆ ಎಂಬುದು ಮುಂದಿನ ಕಷ್ಟ. ಪ್ರತಿ ಪ್ರಯೋಗಕ್ಕೆ ಮೊದಲು ಅವರು ಹುಡುಗರಿಂದ ಬೀಗದ ಕೈ, ವಾಚು, ಚಾಕು ಎಲ್ಲವನ್ನೂ ತೆಗೆಸಿ ಕಿಟಕಿಯ ಕಟ್ಟೆಯ ಮೇಲೆ ಇಡಿಸುತ್ತಿದ್ದರು. ಹುಡುಗಿಯರಿಗೆ ಲೋಹದ ಬಳೆ ತೆಗೆಯಿರಮ್ಮಾ ಎಂದು ನೆಲ ನೋಡಿಕೊಂಡು ಹೇಳುತ್ತಿದ್ದರು. ಮದುವೆಯಾದ ಹೆಂಗಸಿನ ಕೊರಳಿನಲ್ಲಿ ಏನಿದೆ ಎಂದು ಕೇಳುವುದು ಅವರಿಗೆ ಹೊಳೆಯುವಂಥದ್ದೂ ಅಲ್ಲ, ಹೊಳೆದರೂ ಕೇಳುವಂಥವರಲ್ಲ. ಇಷ್ಟು ದಿನ ಎಲ್ಲರ ಕಣ್ಣೂ ತಪ್ಪಿಸಿದ್ದು ಆ ಮರ್ಯಾದೆಯೇ. ನನ್ನ ಜೋಡಿ ಅಂಥ ಸಂಕೋಚದವಳಲ್ಲ. ಅವಳೇ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಅವರು ಸ್ವಲ್ಪ ಹೊತ್ತು ಸೂರು ನೋಡಿದರು. ಮಾರನೆಯ ತರಗತಿಯಿಂದ ಅವರ ಎಚ್ಚರಿಕೆಯಲ್ಲಿ ಪಿನ್ನೀಸುಗಳೂ ಸೇರಿದವು, ಹೇಳುವಾಗ ಕಿವಿ ಮಾತ್ರ ಕೆಂಪಾಗುತ್ತಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಪಿನ್ನು ತೆಗೆದಿಟ್ಟು ಮಾಡಿದರೆ ನಾಲ್ಕು ಓದುಗಳೂ ಅಕ್ಕತಂಗಿಯರ ಹಾಗೆ ಒಂದೇ ಬರತೊಡಗಿದವು. ಲೆಕ್ಕ ಹಾಕಿದರೆ ಉತ್ತರ ಮಾತ್ರ 0.40. ಮತ್ತೆ ಮಾಡಿದರೂ ಅದೇ. ತಂತಿ ಸುತ್ತಿದ ಚೌಕಟ್ಟಿನ ಅಳತೆಯನ್ನು ದಾರ ಹಿಡಿದು ಪರೀಕ್ಷಿಸಿದೆ, ಸುತ್ತುಗಳನ್ನು ಎಣಿಸಿದೆ, ಆಮ್ಮೀಟರ್ ಬದಲಾಯಿಸಿದೆ. ಕದಲಲಿಲ್ಲ. ಉಪನ್ಯಾಸಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ನಿಮ್ಮ ಕೆಲಸದಲ್ಲಿ ತಪ್ಪು ಕಾಣುತ್ತಿಲ್ಲ, ಆದರೆ ಹೊರಗಿನಿಂದ ಬರುವ ಪರೀಕ್ಷಕರು ಮೊದಲು ನೋಡುವುದು ಉತ್ತರವನ್ನು, ಪುಸ್ತಕದ 0.38ಕ್ಕೆ ಹತ್ತಿರ ಇದ್ದಷ್ಟೂ ಕ್ಷೇಮ ಎಂದರು. ಹೀಗೇ ಮಾಡಿ ಎಂದು ಹೇಳಲಿಲ್ಲ. ಹೇಳಬೇಕಾದದ್ದೂ ಇರಲಿಲ್ಲ.

ಪರೀಕ್ಷೆಯ ದಿನ ಚೀಟಿ ಎತ್ತಿದಾಗ ನನಗೆ ಬಂದದ್ದು ಅದೇ ಪ್ರಯೋಗ. ಪಿನ್ನುಗಳನ್ನೂ ಕ್ಲಿಪ್ಪನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದೆ. ತಂತಿ ಉಜ್ಜಿದೆ, ಹೊಂದಿಸಿದೆ, ಓದಿದೆ, ತಿರುಗಿಸಿದೆ, ಓದಿದೆ. ಉತ್ತರ 0.40. ಅಕ್ಕಪಕ್ಕದ ಮೇಜುಗಳಲ್ಲಿ ಅದೇ ಪ್ರಯೋಗ ಮಾಡುತ್ತಿದ್ದವರು ಆಗಲೇ 0.38 ಬರೆದು ಅಡಿಗೆರೆ ಎಳೆದಿದ್ದರು. ಸಮಯ ಇನ್ನೂ ಇತ್ತು. ಪ್ರತಿ ಓದಿಗೆ ಒಂದೊಂದು ಡಿಗ್ರಿಗಿಂತ ಕೊಂಚ ಹೆಚ್ಚು ಸೇರಿಸಿದರೆ ಸಾಕು, ವಿಜಯವಾಡದ ಕಾಲೇಜು, ಅತ್ತೆಯ ಒಪ್ಪಿಗೆ, ಮುಂದಿನ ವರ್ಷಗಳು ಎಲ್ಲ ಕೈಯಲ್ಲಿ. ಪೆನ್ನು ಹಿಡಿದುಕೊಂಡು ಕುಳಿತೆ. ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮುಳ್ಳಿನ ಬಳಿ ಇಷ್ಟು ದಿನ ಕಳೆದು ನಾನು ಕಲಿತದ್ದು ಒಂದೇ: ಅದರ ಹತ್ತಿರ ಬೇರೇನೂ ಹೋಗದಂತೆ ನೋಡಿಕೊಂಡರೆ ಅದು ಹೇಳುವುದನ್ನು ನಂಬಬಹುದು. ಈಗ ಪುಸ್ತಕದ ಅಂಕಿಯನ್ನು ಹತ್ತಿರ ತಂದರೆ ಅದೂ ಒಂದು ಪಿನ್ನೇ. ಬಂದದ್ದನ್ನೇ ಬರೆದು, ಕೆಳಗೆ ಗೆರೆ ಎಳೆದು, ಎದ್ದು ನಿಂತೆ.

ಪರೀಕ್ಷಕರು ಬೇರೆ ಊರಿನಿಂದ ಬಂದಿದ್ದ ವಯಸ್ಸಾದವರು. ಮೇಜಿಂದ ಮೇಜಿಗೆ ಬರುತ್ತ ನನ್ನ ಉತ್ತರ ನೋಡಿ ನಿಂತರು. ಪಕ್ಕದವರ ಉತ್ತರಗಳ ಕಡೆಗೆ ಒಮ್ಮೆ ತಿರುಗಿ ನೋಡಿದರು. ಎಲ್ಲರಿಗೂ 0.38 ಬಂದಿದೆ, ನಿಮಗೆ ಮಾತ್ರ ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾಕೆಂದು ನನಗೆ ತಿಳಿಯದು ಸಾರ್, ನನಗೆ ಬಂದದ್ದು ಇಷ್ಟೇ ಎಂದೆ.

ಅವರು ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿದರು. ವಾಚು ಬಿಚ್ಚಿದರು, ಜೇಬಿನಿಂದ ಬೀಗದ ಕೈ ತೆಗೆದರು, ಪೆನ್ನು ತೆಗೆದರು, ಎಲ್ಲವನ್ನೂ ದೂರದ ಸ್ಟೂಲಿನ ಮೇಲಿಟ್ಟು ಬಂದು ತಾವೇ ಬಗ್ಗಿದರು. ಅವರು ಆ ವಸ್ತುಗಳನ್ನು ತೆಗೆದಿಟ್ಟ ರೀತಿ ನೋಡಿದಾಗಲೇ ನನ್ನ ಭಯ ಅರ್ಧ ಇಳಿಯಿತು. ನಾಲ್ಕು ಓದು ತೆಗೆದುಕೊಂಡರು, ನನ್ನ ಕಾಗದದ ಅಂಚಿನಲ್ಲೇ ಲೆಕ್ಕ ಹಾಕಿದರು. ಅವರಿಗೂ 0.40 ಬಂತು.

"ಈ ಊರಲ್ಲಿ ಇದು ಇಷ್ಟೇ ಇರಬೇಕಮ್ಮಾ," ಎಂದರು, ಈ ಸಲ ತೆಲುಗಿನಲ್ಲಿ. "ಆ 0.38 ಪುಸ್ತಕ ಬರೆದವರ ಊರಿನದು."

ಪ್ರಯೋಗದಲ್ಲಿ ತಪ್ಪು ಎಲ್ಲಿಂದೆಲ್ಲ ಬರಬಹುದು ಎಂದು ಕೇಳಿದಾಗ, ಪುಸ್ತಕದಲ್ಲಿದ್ದ ಕಾರಣಗಳನ್ನು ಹೇಳಿ, ಕೊನೆಗೆ ಓದುವವರಿಂದಲೂ ಬರಬಹುದು ಸಾರ್ ಎಂದು ನನ್ನ ಹರಕುಮುರುಕು ತೆಲುಗಿನಲ್ಲಿ ಪಿನ್ನಿನ ಸಂಗತಿ ಹೇಳಿದೆ. ಅವರು ನಕ್ಕಿದ್ದು ಕೋಣೆಗೆಲ್ಲ ಕೇಳಿಸಿತು. ಆಮೇಲೆ ಪಕ್ಕದ ಮೇಜುಗಳಿಗೆ ಹೋಗಿ, ಅಡುಗೆ ಸಾಕು, ನನ್ನ ಎದುರಿಗೆ ಇನ್ನೊಮ್ಮೆ ಓದಿ ತೋರಿಸಿ ಎಂದರು. ಆ ಹುಡುಗರು ನನ್ನ ಕಡೆ ನೋಡಿದ ನೋಟ ಚೆನ್ನಾಗಿರಲಿಲ್ಲ. ನನ್ನಿಂದ ಅವರಿಗೆ ಕಷ್ಟವಾಯಿತೆಂದು ಪಿಚ್ಚೆನಿಸಿತು. ಅವರಿಗೆ ಮತ್ತೆ ಮಾಡಲು ಸಮಯ ಕೊಟ್ಟರು ಎಂದು ಆಮೇಲೆ ತಿಳಿದು ಹಗುರಾದೆ.

ಫಲಿತಾಂಶ ಬರುವಷ್ಟರಲ್ಲಿ ನಾವು ಪಟಮಟದ ಮನೆಗೆ ಬಂದಾಗಿತ್ತು. ವಿಜಯವಾಡದ ಆ ಬೇಸಿಗೆಯನ್ನು ನಾನು ಬಣ್ಣಿಸುವುದಿಲ್ಲ. ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರು ನಂಬುವುದಿಲ್ಲ. ಮಧ್ಯಾಹ್ನದ ಸಿಟಿ ಬಸ್ಸಿನಲ್ಲಿ ಬೆವರಿಳಿಸಿಕೊಂಡು ಬಂದ ಗಂಡ, ಪಾಸಾಗಿದೆ, ಪ್ರಾಕ್ಟಿಕಲ್ಲಿನಲ್ಲೂ ಎಂದು ಹೇಳಿದರು. ನನಗೆ ಕುಣಿಯಬೇಕೆನ್ನಿಸಿತು. ಅತ್ತೆ ಅಲ್ಲೇ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದರು. ಮಗನ ಮಾತು ಕೇಳಿಸಿಕೊಂಡರು, ತಲೆ ಎತ್ತಲಿಲ್ಲ. ಒಳ್ಳೆಯದು ಎಂದೂ ಅನ್ನಲಿಲ್ಲ, ಮುಂದೇನು ಎಂದೂ ಕೇಳಲಿಲ್ಲ. ಪಾಸಾದರೆ ನೋಡೋಣ ಎಂದಿದ್ದರೇ ಹೊರತು ಸೇರಿಸುತ್ತೇನೆ ಎಂದಿರಲಿಲ್ಲವಲ್ಲ. ನಾನಾಗಿ ಬಾಯಿ ಬಿಡಲು ಧೈರ್ಯ ಬರದೆ ಒಳಗೆ ಹೋಗಿ ಮಲಗಿದೆ, ನಿದ್ದೆ ಬರಲಿಲ್ಲ.

ಬಿಸಿಲು ಇಳಿದ ಮೇಲೆ ನಡುಮನೆಯಲ್ಲಿ ಏನೋ ಎಳೆದಾಡುವ ಸದ್ದಾಯಿತು. ಎದ್ದು ಹೋಗಿ ನೋಡಿದೆ. ಕಿಟಕಿಯ ಕೆಳಗೆ ಅತ್ತೆಯ ಹೊಲಿಗೆ ಯಂತ್ರ ಇರುತ್ತಿತ್ತು. ಮನೆ ಕಟ್ಟಿದಾಗಿನಿಂದ ಅದರ ಜಾಗ ಅದೇ, ಹಬ್ಬಕ್ಕೆ ಸುಣ್ಣ ಬಳಿಯುವಾಗಲೂ ಅದನ್ನು ಸರಿಸಲು ಅವರು ಬಿಡುತ್ತಿರಲಿಲ್ಲ. ಈಗ ಅವರೇ ಸೊಂಟ ಬಗ್ಗಿಸಿ ಅದನ್ನು ಮೂಲೆಗೆ ತಳ್ಳುತ್ತಿದ್ದರು. ಓಡಿಹೋಗಿ ಇನ್ನೊಂದು ಕಡೆ ಹಿಡಿದೆ. ಇಬ್ಬರೂ ಸೇರಿ ಸರಿಸಿದೆವು. ಖಾಲಿಯಾದ ಜಾಗವನ್ನು ಅವರು ಸೆರಗಿನಿಂದ ಒರೆಸಿ, ಕಿಟಕಿಯ ಎರಡೂ ಬಾಗಿಲು ತೆರೆದರು.

"ಇಲ್ಲಿ ಬೆಳಕು ಚೆನ್ನಾಗಿ ಬರ್ತದೆ," ಎಂದರು. "ನಿಮ್ಮ ಮಾವನ ಮೇಜು ಅಟ್ಟದ ಮೇಲಿದೆ. ನಿನ್ನ ಗಂಡ ಕಾಫಿ ಕುಡಿದ ಮೇಲೆ ಇಳಿಸಿಕೊಡ್ತಾನೆ."